ಯಾವ ಫಂಡ್ ಒಳ್ಳೇದು ಅಂತ ಕೇಳ್ಬೇಡಿ

ಇವತ್ತು ಹಾಸನದಲ್ಲಿ ಒಂದು ಬೀಗರೂಟ. ಪಕ್ಕದ ಎಲೆಗೆ ನಮ್ಮಕ್ಕನ ಅಳಿಯ ಕೂತಿದ್ದ. ಮುದ್ದೆ ಬಿತ್ತು, ಸಾರು ಬಿತ್ತು, ಪುಣ್ಯಾತ್ಮ ಎಡಗೈಲಿ ಮೊಬೈಲ್ ತೀಡ್ತಾನೇ ಇದ್ದ. "ಯುಗಾದಿ ಕಳೆದ್ಮೇಲೆ ಎಸ್‌ಐಪಿ ಶುರು ಮಾಡ್ದೆ ಮಾವ. ಕಟ್ಟಿದ್ದಕ್ಕಿಂತ ಕಮ್ಮಿ ತೋರಿಸ್ತಿದೆ. ನಿಲ್ಲಿಸಿಬಿಡ್ತೀನಿ, ಬೇರೆ ಯಾವುದಾದ್ರೂ ಒಳ್ಳೇ ಫಂಡ್ ಹೇಳಿ" ಅಂದ. ಎಸ್‌ಐಪಿ ಅಂದ್ರೆ ತಿಂಗಳು ತಿಂಗಳು ಇಷ್ಟು ಅಂತ ಮ್ಯೂಚುವಲ್ ಫಂಡ್‌ಗೆ ಕಟ್ಟೋದು, ಇವನದ್ದು ಷೇರಲ್ಲಿ ಹಾಕೋ ಫಂಡ್. ಮಗಳ ಕಾಲೇಜಿಗೆ ಅಂತ ಕಟ್ತಿರೋ ದುಡ್ಡು ಅದು. ಮಗು ಇನ್ನೂ ಅಂಗನವಾಡೀಲಿದೆ!

ರೇಗಿಹೋಯ್ತು ನಂಗೆ. ದುಡ್ಡು ಹೂಡೋಕೆ ಸಲಹೆ ಕೊಡೋದು ನನ್ನ ಕೆಲಸ ಅಂತ ಗೊತ್ತಿರೋರೆಲ್ಲ ಕೇಳೋದು ಇದೊಂದೇ: ಯಾವುದು ತಗೊಳ್ಳಲಿ? ಹಾಕಿದ್ದು ಅರ್ಧಕ್ಕೆ ಇಳಿದ ದಿನ ನಾನೇನು ಮಾಡ್ತೀನಿ ಅಂತ ಒಬ್ಬರೂ ತಮ್ಮನ್ನ ತಾವು ಕೇಳ್ಕೊಳ್ಳಲ್ಲ.

ಇಳಿಯುತ್ತೆ ಸ್ವಾಮಿ. 2008ರ ಜನವರಿಯಲ್ಲಿ 21,000 ಮುಟ್ಟಿದ್ದ, ಮುಂಬೈ ಷೇರುಪೇಟೆಯ ಏರಿಳಿತ ತೋರಿಸೋ ಸೆನ್ಸೆಕ್ಸ್ 2009ರ ಮಾರ್ಚ್‌ಗೆ 8,000ದ ಆಸುಪಾಸಿಗೆ ಬಂದಿತ್ತು. 2010ರ ಕೊನೇಲಿ ಹಳೇ ಮಟ್ಟ ಮುಟ್ಟಿ ಮತ್ತೆ ಜಾರ್ತು. 2020ರ ಮಾರ್ಚ್ 23ರಂದು ಒಂದೇ ದಿನ 3,900ಕ್ಕೂ ಹೆಚ್ಚು ಅಂಶ ಬಿತ್ತು. ಅದೇ ಸೆನ್ಸೆಕ್ಸ್ 2024ರ ಸೆಪ್ಟೆಂಬರ್‌ನಲ್ಲಿ 85,000 ದಾಟ್ತು. ಆದ್ರೆ ಅಷ್ಟೂ ವರ್ಷ ಅಲ್ಲಾಡದೆ ಕೂತೋರು ಎಷ್ಟು ಜನ?

2020ರಲ್ಲಿ ನಂಗೂ ಹೆದರಿಕೆ ಆಗಿತ್ತು, ಇದುವರೆಗೂ ಯಾರಿಗೂ ಹೇಳಿಲ್ಲ. ಲಾಕ್‌ಡೌನ್, ರಾತ್ರಿಯೆಲ್ಲ ನಿದ್ದೆ ಇಲ್ಲ. ಆದ್ರೂ ಮಾರಲಿಲ್ಲ. ಮನೆ ಖರ್ಚಿಗೆ ಬೇಕಾದ ದುಡ್ಡು ಬ್ಯಾಂಕಲ್ಲಿ ಎಫ್‌ಡಿ ಇತ್ತು, ಅದೇ ನನ್ನನ್ನ ಹಿಡಿದು ಕೂರಿಸಿದ್ದು. ಮನೇಲಿ ಅಕ್ಕಿ ಇದ್ದೋನಿಗೇ ತಾಳ್ಮೆ ಬರೋದು.

ನಮ್ಮ ಜಿಲ್ಲೆಯೋರಿಗೆ ಇದನ್ನ ಬಿಡಿಸಿ ಹೇಳ್ಬೇಕಾ? 2023ರಲ್ಲಿ ಶುಂಠಿ ರೇಟು ಏರಿದ್ದು ನೋಡಿ, ಗುತ್ತಿಗೆಗೆ ಜಮೀನು ಹಿಡಿದು ಸಿಕ್ಕಸಿಕ್ಕಲ್ಲೆಲ್ಲ ಶುಂಠಿ ಹಾಕಿದ್ರು. ಆಮೇಲೆ ರೇಟು ಬಿದ್ದಾಗ ಕೂಲಿ ಗಿಟ್ಟದೆ ಎಷ್ಟು ಮನೆ ಒದ್ದಾಡಿದ್ವು. ಹೋದ ವರ್ಷ ಯಾವ ಫಂಡ್ ಓಡ್ತು ಅಂತ ಹುಡುಕಿ ಈ ವರ್ಷ ದುಡ್ಡು ಸುರಿಯೋದೂ ಅದೇ ಬುದ್ಧಿಯೇ.

"ಸಂಬಳದೋರಿಗೆ ಸರಿ, ಮಳೆ ನಂಬ್ಕೊಂಡಿರೋರು ಹೆಂಗೆ ಕಾಯೋದು" ಅಂತೀರಿ. ಒಪ್ದೆ. ಕಾಯೋಕಾಗದ ದುಡ್ಡನ್ನ ಷೇರಿನ ಕಡೆ ತರಲೇಬೇಡಿ. ಆದ್ರೆ ಹಂಗಂದವರೇ ಸಾಲ ಎತ್ತಿ ಆಪ್ಷನ್ಸ್ (ಷೇರಿನ ರೇಟು ಏರುತ್ತೋ ಇಳಿಯುತ್ತೋ ಅಂತ ಪಣ ಕಟ್ಟೋ ವ್ಯವಹಾರ) ಆಡೋದನ್ನ ಕಣ್ಣಾರೆ ನೋಡ್ತಿದೀನಲ್ಲ, ಹೊಟ್ಟೆ ಉರಿಯುತ್ತೆ. ಷೇರುಪೇಟೆ ಮೇಲೆ ಕಣ್ಣಿಡೋ ಸೆಬಿ 2024ರಲ್ಲೇ ಲೆಕ್ಕ ಕೊಟ್ಟಿದೆ: 2021-22ರಿಂದ ಮೂರು ಆರ್ಥಿಕ ವರ್ಷದಲ್ಲಿ ಎಫ್ ಅಂಡ್ ಓ (ಫ್ಯೂಚರ್ಸ್ ಮತ್ತು ಆಪ್ಷನ್ಸ್) ಆಡಿದ ಸಾಮಾನ್ಯ ಜನರಲ್ಲಿ ಶೇ. 93ರಷ್ಟು ಮಂದಿ ಕಳ್ಕೊಂಡಿದ್ದಾರೆ. ಎಲ್ಲಾ ಸೇರಿ 1.8 ಲಕ್ಷ ಕೋಟಿ ರೂಪಾಯಿಗೂ ಜಾಸ್ತಿ. ಅದಕ್ಕೆ ಧೈರ್ಯ ಇದೆ, ಹತ್ತು ವರ್ಷ ಸುಮ್ನಿರೋಕೆ ಇಲ್ಲ.

ಇನ್ಮೇಲೆ ನನ್ನ ಹತ್ರ ಬರೋರು ಒಂದು ಹಾಳೇಲಿ ಬರ್ಕೊಂಡು ಬನ್ನಿ: ಈ ದುಡ್ಡು ಯಾವ ವರ್ಷಕ್ಕೆ ಬೇಕು, ಅಲ್ಲೀವರೆಗೆ ಆಸ್ಪತ್ರೆ, ಮದುವೆ, ಬೋರ್‌ವೆಲ್ ಅಂತ ಏನೇನು ಖರ್ಚಿದೆ, ಕೈಸಾಲ ಎಷ್ಟಿದೆ. ಕೈಸಾಲ ಇದ್ರೆ ಮೊದಲು ಅದನ್ನ ತೀರಿಸೋ ಮಾತಾಡೋಣ. ಭಾನುವಾರ ಬೆಳಿಗ್ಗೆ ಮನೇಲೇ ಇರ್ತೀನಿ.