ಟಿವಿಯ ಬೆನ್ನು

ಟಿವಿಗೂ ಒಂದು ಬೆನ್ನಿದೆ ಎಂಬುದು ನೆನಪಾಗುವುದು ಅದನ್ನು ಗೋಡೆಗೇರಿಸಿ ಕೊನೆಯ ಸ್ಕ್ರೂ ಬಿಗಿದ ಮೇಲೆ. ಆಮೇಲೆ ಒಂದು ಕೈಯಲ್ಲಿ ಮೊಬೈಲ್ ಟಾರ್ಚು, ಇನ್ನೊಂದು ಕೈ ಎರಡು ಬೆರಳಗಲದ ಸಂದಿಯಲ್ಲಿ, ಕೆನ್ನೆ ಗೋಡೆಗೆ. ಏರಿಸುವ ಮೊದಲೇ ಬೆನ್ನಿನದೊಂದು ಫೋಟೊ ತೆಗೆದಿಟ್ಟುಕೊಂಡವರು ಪುಣ್ಯವಂತರು. ಉಳಿದವರಿಗೆ ಕಾಣುವುದು ಒಂದೇ ಥರದ ಮೂರು ಎಚ್‌ಡಿಎಂಐ ತೂತುಗಳು. ಯಾವುದಕ್ಕೆ ಸಿಕ್ಕಿಸಿದರೂ ಚಿತ್ರ ಬರುತ್ತದೆ, ಹಾಗಾಗಿ ಮೂರೂ ಒಂದೇ ಎಂದುಕೊಳ್ಳುತ್ತೇವೆ. ಎಡವುವುದು ಅಲ್ಲೇ.

ಮೂರರಲ್ಲಿ ಒಂದರ ಪಕ್ಕ ಇರುವೆಗಾತ್ರದ ಅಕ್ಷರದಲ್ಲಿ ಎಆರ್‌ಸಿ ಅಥವಾ ಇಎಆರ್‌ಸಿ ಎಂದಿರುತ್ತದೆ. ಉಳಿದೆರಡರಲ್ಲಿ ಚಿತ್ರವೂ ಸದ್ದೂ ಒಳಕ್ಕೆ ಬರುತ್ತವೆ, ಅಷ್ಟೆ. ಇದರಲ್ಲಿ ಮಾತ್ರ ಸದ್ದು ಹೊರಕ್ಕೂ ಹೋಗುತ್ತದೆ. ಸೌಂಡ್‌ಬಾರ್ ಸೇರಬೇಕಾದ್ದು ಇಲ್ಲಿಗೇ. ಬೇರೆ ಕಡೆ ಹಾಕಿದರೆ ಸೌಂಡ್‌ಬಾರಿನ ದೀಪವೇನೋ ಉರಿಯುತ್ತದೆ, ಕೇಳುವುದು ಮಾತ್ರ ಟಿವಿಯ ಸೊರಗಿದ ದನಿಯೇ. ಸರಿಯಾದ ತೂತಿಗೆ ಹಾಕಿಯೂ ಸದ್ದಿಲ್ಲವೆಂದರೆ ಕೇಬಲಿನ ಇನ್ನೊಂದು ತುದಿಯನ್ನು ನೋಡಿ. ಸೌಂಡ್‌ಬಾರಿನಲ್ಲಿ ‘ಇನ್’, ‘ಔಟ್’ ಎರಡೂ ಇದ್ದರೆ ಟಿವಿಯ ಕೇಬಲ್ ಹೋಗಬೇಕಾದ್ದು ‘ಔಟ್’ಗೆ. ಸದ್ದು ಒಳಗೆ ಬರಬೇಕಾದ ಬಾಗಿಲಿಗೆ ‘ಹೊರಗೆ’ ಎಂದು ಬೋರ್ಡು! ಚಿತ್ರ ಟಿವಿಯತ್ತ ಹೊರಡುವ ದಾರಿ ಅದು, ಸದ್ದು ಅದೇ ದಾರಿಯಲ್ಲಿ ಎದುರಿನಿಂದ ಬರುತ್ತದೆ ಎಂಬುದು ಗೊತ್ತಾಗುವವರೆಗೆ ಹೆಸರಿಟ್ಟವರನ್ನು ಬೈದುಕೊಳ್ಳಬಹುದು.

ಇಷ್ಟಾದರೂ ಮೌನವೇ? ಸೆಟ್ಟಿಂಗ್ಸ್‌ನಲ್ಲಿ ಸಿಇಸಿ, ಅಂದರೆ ಎಚ್‌ಡಿಎಂಐ ಕೇಬಲಿನಲ್ಲೇ ಸಾಧನಗಳು ಒಂದಕ್ಕೊಂದು ಹುಕುಂ ಕೊಡುವ ವ್ಯವಸ್ಥೆ, ಆನ್ ಇರಬೇಕು. ಹುಡುಕಿದರೆ ಆ ಹೆಸರೇ ಸಿಗಲಿಕ್ಕಿಲ್ಲ: ಸ್ಯಾಮ್‌ಸಂಗ್‌ನಲ್ಲಿ ಅದು ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್. ಒಂದೇ ಕೂಸಿಗೆ ಮೂರು ಮನೆಯವರು ಇಟ್ಟ ಮೂರು ಹೆಸರು. ಎಆರ್‌ಸಿ ಬಂದಿದ್ದು 2009ರ ಎಚ್‌ಡಿಎಂಐ 1.4ರ ಜೊತೆ. ಅದರಲ್ಲಿ ಕುಗ್ಗಿಸಿದ 5.1 ಸದ್ದು (ಐದು ಸ್ಪೀಕರ್, ಒಂದು ಸಬ್‌ವೂಫರ್‌ನದು) ಸಲೀಸಾಗಿ ಹೋಗುತ್ತದೆ. ಡಾಲ್ಬಿ ಟ್ರೂಎಚ್‌ಡಿಯಂಥ ಭಾರದ ಸದ್ದು ಸಾಗಿಸಲು 2017ರ ಎಚ್‌ಡಿಎಂಐ 2.1ರ ಜೊತೆ ಬಂದ ಇಎಆರ್‌ಸಿ ಬೇಕು, ಅದೂ ಎರಡೂ ತುದಿಯಲ್ಲಿ.

ಇನ್ನು ಕೇಬಲ್ ಎಂಬ ಕೊಳವೆಯ ವಿಚಾರ. ಫುಲ್ ಎಚ್‌ಡಿ ಪರದೆಯಲ್ಲಿ ಸುಮಾರು 20 ಲಕ್ಷ ಚುಕ್ಕೆ, 4ಕೆಯಲ್ಲಿ 83 ಲಕ್ಷ. ಇಷ್ಟನ್ನು ಸೆಕೆಂಡಿಗೆ 60 ಸಲ, ಬೆಳಕು–ಕತ್ತಲಿನ ಅಂತರ ಹೆಚ್ಚು ತೋರುವ ಎಚ್‌ಡಿಆರ್ ಬಣ್ಣದ ಸಮೇತ ಸಾಗಿಸಲು ಸೆಕೆಂಡಿಗೆ 18 ಗಿಗಾಬಿಟ್ ಹಿಡಿಸುವ ‘ಪ್ರೀಮಿಯಂ ಹೈ ಸ್ಪೀಡ್’ ಕೇಬಲ್ ಸಾಕು. ಸೆಕೆಂಡಿಗೆ 120 ಸಲ ಬೇಕೆನ್ನುವ ಗೇಮ್ ಆಡುವವರಿಗೆ ಮಾತ್ರ 48 ಗಿಗಾಬಿಟ್‌ನ ‘ಅಲ್ಟ್ರಾ ಹೈ ಸ್ಪೀಡ್’. ತಾಕತ್ತು ಸಾಲದ ಕೇಬಲಿನಲ್ಲಿ ಬಣ್ಣ ಪೇಲವವಾಗುವುದಿಲ್ಲ. ಬಿಳಿ ಚುಕ್ಕೆ ಮಿನುಗುತ್ತವೆ, ಇಲ್ಲವೇ ಪರದೆ ಒಂದೆರಡು ಸೆಕೆಂಡ್ ಕಪ್ಪಾಗಿ ಮರಳುತ್ತದೆ. ಹಾಗಾಗಿ ಚಿನ್ನದ ಲೇಪವಿದ್ದರೆ ಬಣ್ಣ ಗಾಢವಾಗುತ್ತದೆ ಎಂದು ಯಾರಾದರೂ ಹೇಳಿದರೆ ತಲೆಯಾಡಿಸಿ ಮುಂದೆ ಹೋಗಿ. ಕೇಬಲ್ ಸರಿಯಿದ್ದೂ ಎಚ್‌ಡಿಆರ್ ಬಾರದಿದ್ದರೆ ದೋಷ ಟಿವಿಯದಿರಬಹುದು. ಎಷ್ಟೋ ಕಂಪನಿಗಳು ಹಳೆಯ ಸೆಟ್‌ಟಾಪ್ ಬಾಕ್ಸಿನಂಥ ಸಾಧನಗಳ ಅನುಕೂಲಕ್ಕೆಂದು ಪ್ರತಿ ಪೋರ್ಟನ್ನೂ ಕಡಿಮೆ ವೇಗದಲ್ಲೇ ಇಟ್ಟು ಕಳಿಸುತ್ತವೆ. ‘ಎನ್‌ಹ್ಯಾನ್ಸ್ಡ್’ ಎಂಬಂಥ ಆಯ್ಕೆಯನ್ನು ಆಯಾ ಪೋರ್ಟಿಗೆ ನಾವೇ ಒತ್ತಬೇಕು.

ಒತ್ತಿದ ಮೇಲೂ ಎಲ್ಲ ಪರದೆಯೂ ಬೆಳಗುವುದಿಲ್ಲ, ಆ ಮಾತು ಬೇರೆ. ಡಬ್ಬದ ಮೇಲಿನ ‘ಎಚ್‌ಡಿಆರ್’ ಎಂದರೆ ಆ ಸಿಗ್ನಲ್ ಕೊಟ್ಟರೆ ಟಿವಿಗೆ ಓದಲು ಬರುತ್ತದೆ ಎಂದಷ್ಟೇ. ಪರದೆಯ ಬೆಳಕು ಮಂದವಿದ್ದರೆ, ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆ ನೀರಿಗೂ ಗತಿಯಿಲ್ಲ. ಎಲ್‌ಇಡಿ ಟಿವಿ ಎಂದರೂ ಅಷ್ಟೆ: ಅದು ಹಿಂದಿನಿಂದ ಎಲ್‌ಇಡಿ ದೀಪ ಬಿಟ್ಟ ಎಲ್‌ಸಿಡಿ. ಕ್ಯೂಎಲ್‌ಇಡಿ ಅದಕ್ಕೇ ಕ್ವಾಂಟಮ್ ಡಾಟ್ ಎಂಬ, ಬಣ್ಣ ತಿಳಿಯಾಗಿಸುವ ಅತಿಸಣ್ಣ ಕಣಗಳ ಪದರ ಹೊದಿಸಿದ್ದು. ಪ್ರತಿ ಚುಕ್ಕೆಯೂ ತಾನೇ ಬೆಳಗಿ ತಾನೇ ಆರುವುದು ಒಎಲ್‌ಇಡಿಯಲ್ಲಿ, ಕಪ್ಪು ನಿಜಕ್ಕೂ ಕಪ್ಪಾಗಿರುವುದೂ ಅಲ್ಲಿಯೇ. ಒಂದಕ್ಷರದ ಆಟ.

ಹಳೆಯ ಹಳದಿ, ಕೆಂಪು, ಬಿಳಿ ವೈರುಗಳಿಗೆ ಈಗಿನ ತೆಳು ಟಿವಿಯಲ್ಲಿ ಜಾಗವಿಲ್ಲ. ಮೂರಕ್ಕೂ ಸೇರಿ ಹಲವು ಟಿವಿಗಳಲ್ಲಿ ಇಯರ್‌ಫೋನಿನಂಥ ಒಂದೇ 3.5 ಮಿಲಿಮೀಟರ್ ತೂತು, ಪಕ್ಕದಲ್ಲಿ ‘ಎವಿ ಇನ್’ ಎಂಬ ಬರಹ. ಅದರ ಪಿನ್ನನ್ನು ಬೆಳಕಿಗೆ ಹಿಡಿದರೆ ಮೂರು ಕಪ್ಪು ಉಂಗುರ, ಅವುಗಳಿಂದ ಬೇರ್ಪಟ್ಟ ಲೋಹದ ನಾಲ್ಕು ಭಾಗ ಕಾಣುತ್ತದೆ: ಚಿತ್ರಕ್ಕೊಂದು, ಎಡ–ಬಲ ಸದ್ದಿಗೆ ಎರಡು, ಅರ್ತ್‌ಗೆ ಒಂದು. ಯಾವುದು ಎಲ್ಲಿ ಎಂಬುದರಲ್ಲಿ ಕಂಪನಿಗಳಿಗೆ ಒಮ್ಮತವಿಲ್ಲ. ಬೇರೆ ಟಿವಿಯ ಕೇಬಲ್ ಹಾಕಿದಾಗ ಪರದೆ ಕಪ್ಪಾಗಿ ಸ್ಪೀಕರಿನಲ್ಲಿ ಜುಂಯ್ ಎನ್ನುತ್ತದಲ್ಲ, ಅದು ಚಿತ್ರವೇ ಸದ್ದಿನ ದಾರಿ ಹಿಡಿದು ಕೂಗುತ್ತಿರುವುದು. ಬಣ್ಣ ಮರೆತು ಹಳದಿಯನ್ನು ಕೆಂಪಿಗೆ, ಆಮೇಲೆ ಬಿಳಿಗೆ ಹಾಕಿ ನೋಡಿ. ಬಹಳ ಸಲ ಚಿತ್ರ ಬಂದುಬಿಡುತ್ತದೆ. ಅರ್ತ್‌ನ ಜಾಗವೇ ಬೇರೆಯಿದ್ದರೆ ಮಾತ್ರ ಯಾವ ಅದಲುಬದಲೂ ನಡೆಯದು, ಆ ಟಿವಿಯ ಕೇಬಲ್ಲೇ ಬೇಕು.

ಕೊನೆಗೆ ಯುಎಸ್‌ಬಿ. ನೆಟ್‌ನಿಂದ ಸಿನಿಮಾ ತರುವ ಸ್ಟ್ರೀಮಿಂಗ್ ಸ್ಟಿಕ್ಕಿಗೆ ಕರೆಂಟು ಇಲ್ಲಿಂದಲೇ ಕೊಟ್ಟರೆ ಒಂದು ಅಡಾಪ್ಟರ್ ಉಳಿಯಿತು ಎನಿಸುತ್ತದೆ. ಆದರೆ ಸಾಮಾನ್ಯ ಯುಎಸ್‌ಬಿ 2.0 ಪೋರ್ಟ್ ಕೊಡುವುದು 5 ವೋಲ್ಟಿನಲ್ಲಿ ಅರ್ಧ ಆಂಪಿಯರ್. ಸಿನಿಮಾ ನಡುವೆ ಸ್ಟಿಕ್ ತಾನೇ ರೀಸ್ಟಾರ್ಟ್ ಆಗುವುದು ಈ ಅರೆಹೊಟ್ಟೆಯಿಂದ. ಮೇಲಾಗಿ ಟಿವಿ ಆರಿಸಿದರೆ ಅನೇಕ ಸಲ ಆ ಪೋರ್ಟೂ ಆರುತ್ತದೆ. ಮರುದಿನ ಸ್ಟಿಕ್ ಮೊದಲಿನಿಂದ ಎದ್ದು, ಲೋಗೊ ತೋರಿಸಿ, ವೈಫೈ ಹುಡುಕಿ ಸಿದ್ಧವಾಗುವಷ್ಟರಲ್ಲಿ ಅರ್ಧ ಓವರ್ ಮುಗಿದಿರುತ್ತದೆ.