ಸೇತುವೆ ಬಂತು, ನೆಪ ಹೋಯ್ತು

2025ರ ಜುಲೈ 14ಕ್ಕೆ ನಮ್ಮ ಹೊಳೆಯ ಸೇತುವೆ ಉದ್ಘಾಟನೆ ಆಯ್ತು. ಊರವರೆಲ್ಲ ಸಿಹಿ ಹಂಚಿದರು. ನಾನೂ ಪೇಡೆ ತಿಂದೆ. ತಿನ್ನುವಾಗಲೇ ಹೊಟ್ಟೆಯೊಳಗೆ ಒಂದು ಸಣ್ಣ ಸಂಕಟ. ಇನ್ನು ಯಾರ ಮನೆಯ ಉಪನಯನಕ್ಕೂ "ಲಾಂಚ್ ತಪ್ಪಿಹೋಯ್ತು ಮಾರಾಯ್ತಿ" ಅನ್ನುವ ಹಾಗಿಲ್ಲವಲ್ಲ!

ನಮ್ಮದು ಸಾಗರ ತಾಲ್ಲೂಕು, ಶರಾವತಿ ಹಿನ್ನೀರಿನ ಆಚೆ ದಡ, ತುಮರಿ ಕಡೆಯ ಒಂದು ಹಳ್ಳಿ. ಹಳ್ಳಿ ಅಂದರೆ ಸಾಲು ಮನೆ, ನಡುವೆ ಅರಳಿಕಟ್ಟೆ ಅಂತೆಲ್ಲ ಅಂದುಕೊಳ್ಳಬೇಡಿ. ಗುಡ್ಡಕ್ಕೊಂದು ಮನೆ. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗೋಕೆ ತೋಟ ಇಳಿದು, ಕಾಲುಸಂಕ ದಾಟಿ, ಕಾಡು ಹತ್ತಬೇಕು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಆದಾಗ ಈ ಕಡೆಯ ಗದ್ದೆ, ತೋಟ, ದಾರಿ ಎಲ್ಲ ಮುಳುಗಿತು. ನೀರಿನಿಂದ ಬಂದ ಕರೆಂಟು ನಾಡಿಗೆ ಹೋಯ್ತು. ನೀರು ನಮಗೆ ಉಳಿಯಿತು. ಅದನ್ನು ದಾಟೋಕೆ ಅಂಬಾರಗೊಡ್ಲು ದಡದಿಂದ ಕಳಸವಳ್ಳಿ ದಡಕ್ಕೆ ಲಾಂಚ್ ಓಡಾಡುತ್ತಿತ್ತು. ಬಸ್ಸು, ಜೀಪು, ಅಡಿಕೆ ಮೂಟೆ, ಸಿಗಂದೂರಿಗೆ ಹರಕೆ ಹೊತ್ತವರು, ಬಾಣಂತಿ, ಕೋಳಿ ಎಲ್ಲ ಅದರ ಮೇಲೆ ಒಟ್ಟಿಗೇ. ಅದು ಬೇಡ ಅಂದರೆ ಕಾರ್ಗಲ್ ಮೇಲೆ ಕಾಡೆಲ್ಲ ಸುತ್ತಿ ಬನ್ನಿ ಅಂತ ಲೆಕ್ಕ.

ಲಾಂಚಿನ ಕಷ್ಟ ಎಲ್ಲರೂ ಹೇಳುತ್ತಾರೆ. ಕಷ್ಟ ಸುಳ್ಳಲ್ಲ. ರಾತ್ರಿ ಹುಷಾರು ತಪ್ಪಿದರೆ ದೇವರೇ ಗತಿ ಅನ್ನುವ ಸ್ಥಿತಿ ಇತ್ತು. ಆದರೆ ಲಾಂಚ್ ನಮಗೆ ಮಾಡಿಕೊಟ್ಟ ಉಪಕಾರ ಯಾರೂ ಹೇಳಲ್ಲ. ಮಗ ಶಾಲೆಗೆ ತಡ, ಲಾಂಚ್. ಬ್ಯಾಂಕಿನ ಕಂತು ತಡ, ಲಾಂಚ್. ಬೇಡದ ನೆಂಟರ ಮನೆ ಗೃಹಪ್ರವೇಶ, ಲಾಂಚ್. ಬೇಸಿಗೆಯಲ್ಲಿ ನೀರು ಇಳಿದು ಲಾಂಚಿಗೆ ವಾಹನ ಹತ್ತಿಸೋದು ನಿಲ್ಲಿಸಿದರಂತೂ ನಮ್ಮವರಿಗೆ ಹಬ್ಬ. ಮದುವೆ ಸೀಸನ್ ಇಡೀ ಮನೆಯಲ್ಲೇ ಮಲಗಿ ಕಳೆಯುತ್ತಿದ್ದರು.

ನನ್ನ ತವರು ಸಾಗರದ ಕಡೆ. ಕೊನೇ ಲಾಂಚ್ ತಪ್ಪಿಸಿಕೊಳ್ಳುವುದರಲ್ಲಿ ನಾನು ಪಳಗಿದ ಕೈ. ಅದಕ್ಕೊಂದು ಕ್ರಮ ಇದೆ. ತುಂಬಾ ತಡವಾಗಿ ಹೋಗಬಾರದು, ಅನುಮಾನ ಬರುತ್ತೆ. ಲಾಂಚ್ ದಡ ಬಿಟ್ಟು ಸ್ವಲ್ಪ ದೂರ ಹೋಗಿರಬೇಕು, ಅದರ ಮೇಲಿದ್ದ ನಮ್ಮೂರಿನವರು ನನ್ನನ್ನು ನೋಡಬೇಕು, ನಾನು ಚೀಲ ಹಿಡಿದು ನಾಲ್ಕು ಹೆಜ್ಜೆ ಓಡಬೇಕು, ಕೈ ಬೀಸಬೇಕು. ಅಷ್ಟಾದರೆ ಸಾಕ್ಷಿ ಸಮೇತ ಅಮ್ಮನ ಮನೆಯಲ್ಲಿ ಇನ್ನೊಂದು ರಾತ್ರಿ. ಅತ್ತೆ ಏನಾದರೂ ಅಂದರೆ ಆ ಪ್ರತ್ಯಕ್ಷದರ್ಶಿಗಳೇ "ಪಾಪ, ಓಡಿ ಬಂದ್ರು, ಸಿಗಲಿಲ್ಲ" ಅನ್ನುತ್ತಿದ್ದರು. ಈಗ ಸೇತುವೆ 2.44 ಕಿಲೋಮೀಟರ್ ಉದ್ದ. ಅದನ್ನು ಹೇಗೆ ತಪ್ಪಿಸಿಕೊಳ್ಳೋದು ಹೇಳಿ?

ಸೇತುವೆ ಮೇಲೆ ನಾವು ಆ ಕಡೆ ಹೋಗಿದ್ದಕ್ಕಿಂತ ಜನ ಈ ಕಡೆ ಬಂದಿದ್ದೇ ಜಾಸ್ತಿ. ಮೊದಲು ಬಂದವರು ನಮ್ಮವರ ದೊಡ್ಡಪ್ಪನ ಮಗ, ಬೆಂಗಳೂರಿನ ಭಾವ, ಸಂಸಾರ ಸಮೇತ. ಹೊಸ ಕಾರು. ಎಲೆಕ್ಟ್ರಿಕ್ ಅಂತೆ. ಪೆಟ್ರೋಲ್ ವಾಸನೆ ಇಲ್ಲ, ಸದ್ದಿಲ್ಲ. ಅಂಗಳಕ್ಕೆ ಬಂದು ನಿಂತರೂ ನಮ್ಮ ನಾಯಿಗೆ ಗೊತ್ತಾಗಲಿಲ್ಲ. ಗೊತ್ತಾದ ಮೇಲೆ ಅವಮಾನ ತಾಳಲಾರದೆ ಸಂಜೆವರೆಗೂ ಬೊಗಳಿತು.

ಭಾವನಿಗೆ ಕಾಡು ನೋಡಬೇಕಿತ್ತು. ಸಿಂಗಳೀಕ ನೋಡಬೇಕಿತ್ತು. ನಮ್ಮ ಕಣಿವೆಯಲ್ಲಿ ಸಿಂಗಳೀಕಕ್ಕೇ ಅಂತ ಅಭಯಾರಣ್ಯ ಇದೆ ಅನ್ನುವುದು ಅವನಿಗೆ ಗೊತ್ತು. ಆದರೆ ಅದು ಮರದ ತುದಿಯಲ್ಲೇ ಇರುವ ಪ್ರಾಣಿ, ನೆಂಟರು ಬಂದರು ಅಂತ ಕೆಳಗಿಳಿದು ಬರಲ್ಲ ಅನ್ನುವುದು ಗೊತ್ತಿರಲಿಲ್ಲ. ಚಡ್ಡಿ, ಬಿಳಿ ಶೂ ಹಾಕಿ ಹೊರಟ. "ಸುಣ್ಣ-ಹೊಗೆಸೊಪ್ಪು ಹಚ್ಚಿಕೊಂಡು ಹೋಗಿ" ಅಂದೆ. ನಕ್ಕ.

ವಾಪಸ್ ಬಂದಾಗ ನಗು ಇರಲಿಲ್ಲ. ಉಂಬಳ, ಅಂದರೆ ನಮ್ಮ ಕಾಡಿನ ಜಿಗಣೆ, ಕಚ್ಚಿದ್ದು ಕಚ್ಚಿಸಿಕೊಂಡವರಿಗೆ ಗೊತ್ತಾಗುವುದಿಲ್ಲ. ನೋವಿಲ್ಲ, ಉರಿಯಿಲ್ಲ. ಹೊಟ್ಟೆ ತುಂಬಿದ ಮೇಲೆ ತಾನೇ ಉದುರಿ ಹೋಗುತ್ತೆ. ರಕ್ತ ಮಾತ್ರ ಹೆಪ್ಪುಗಟ್ಟದೆ ಸುರಿಯುತ್ತಲೇ ಇರುತ್ತೆ. ಬಿಳಿ ಸಾಕ್ಸು ಕೆಂಪಾಗಿದ್ದು ನೋಡಿ ಭಾವನ ಹೆಂಡತಿ ಕಿರುಚಿದ್ದಕ್ಕೆ ನಾಯಿ ಮತ್ತೆ ಶುರು ಮಾಡಿತು. "ಇಂಜೆಕ್ಷನ್ ಬೇಕಾ?" ಅಂತ ಭಾವ. ಅತ್ತೆ ಜಗುಲಿಯಲ್ಲಿ ಅಡಿಕೆ ಕತ್ತರಿಸುತ್ತಾ, ತಲೆ ಎತ್ತದೆ, "ನಿನಗೆ ಬೇಡ. ಪೇಟೆ ರಕ್ತ ಕುಡಿದಿದೆ, ಅದಕ್ಕೆ ಬೇಕಾಗಬಹುದು" ಅಂದರು.

ಅವತ್ತು ರಾತ್ರಿ ಗಾಳಿ ಎದ್ದಿತು. ಎಲ್ಲೋ ಲೈನಿನ ಮೇಲೆ ಮರ ಬಿತ್ತು. ಕರೆಂಟು ಹೋಯ್ತು. ಇದೇನು ನಮಗೆ ಸುದ್ದಿಯಲ್ಲ. ಮಳೆಗಾಲದಲ್ಲಿ ಕರೆಂಟು ಬಂದರೆ ಅದನ್ನು ಫೋನ್ ಮಾಡಿ ಹೇಳುವ ಜನ ನಾವು. ಬೆಳಿಗ್ಗೆ ಭಾವ ಕಾರಿನ ಹತ್ತಿರ ಹೋಗಿ ಸಪ್ಪಗೆ ನಿಂತಿದ್ದ. ದೂರದ ದಾರಿಯಲ್ಲಿ ಬ್ಯಾಟರಿ ಕರಗಿ, ರಾತ್ರಿ ಹಾಕಿದ ಚಾರ್ಜು ಗಾಳಿಗೆ ಹಾರಿಹೋಗಿ, ಸಾಗರ ಮುಟ್ಟುವಷ್ಟೂ ಉಳಿದಿರಲಿಲ್ಲ. ಕರೆಂಟಿಗಾಗಿ ಊರು ಬಿಟ್ಟುಕೊಟ್ಟವರ ಅಂಗಳದಲ್ಲಿ ಕರೆಂಟಿಲ್ಲದೆ ಕಾರು ನಿಂತಿತ್ತು. ನಮ್ಮ ಮಾವನವರು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇದಕ್ಕೆ ಗೋಬರ್ ಗ್ಯಾಸ್ ಆಗಲ್ವಾ?" ಅಂತ ಕೇಳಿದರು. ಗೇಲಿ ಅಲ್ಲ, ನಿಜವಾಗಲೂ ಕೇಳಿದ್ದು.

ಸೇತುವೆ ಆದಮೇಲೆ ನೆಂಟರು ಬೇಗ ಬಂದು ಬೇಗ ಹೋಗುತ್ತಾರೆ ಅಂದುಕೊಂಡಿದ್ದೆ. ಇವರು ಲಾಂಚ್ ಕಾಲದ ನೆಂಟರಿಗಿಂತ ಜಾಸ್ತಿ ದಿನ ಉಳಿದರು. ಕರೆಂಟು ಅರ್ಧ ಗಂಟೆ ಬರುವುದು, ಹೋಗುವುದು. ಬಂದ ಕೂಡಲೇ ಮನೆಯಲ್ಲಿ ಕರ್ಫ್ಯೂ. "ಮಿಕ್ಸಿ ಹಾಕಬೇಡ! ಪಂಪು ಬೇಡ! ಕಾರಿಗೆ ವೋಲ್ಟೇಜ್ ಸಾಲಲ್ಲ!" ಭಾವನ ಹೆಂಡತಿ ಒರಳುಕಲ್ಲಿನಲ್ಲಿ ಚಟ್ನಿ ರುಬ್ಬಲು ಕಲಿತಳು. ಮಕ್ಕಳು ಬಚ್ಚಲ ಒಲೆ ಮುಂದೆ ಕೂತು ಹಲಸಿನ ಬೀಜ ಸುಟ್ಟು ತಿಂದವು. ಒಲೆಯ ಮೇಲಿನ ತಂತಿಯಲ್ಲಿ ಒಣಗಿದ ಅವರ ಬಟ್ಟೆಗಳಿಗೆಲ್ಲ ಹೊಗೆ ವಾಸನೆ ಅಂಟಿತು. ಬೆಂಗಳೂರಿಗೆ ಹೋದ ಮೇಲೂ ಲಿಫ್ಟಿನಲ್ಲಿ ಪಕ್ಕದವರು ಮೂಗು ಹಿಡಿಯುತ್ತಾರಂತೆ.

ಭಾವ ಆಫೀಸಿಗೆ ರಜೆ ಹೇಳಬೇಕಿತ್ತಲ್ಲ, ಅದಕ್ಕೆ ಗುಡ್ಡ ಹತ್ತಿದ. ನಮ್ಮಲ್ಲಿ ಮೊಬೈಲ್ ಸಿಗ್ನಲ್ ಸಿಗುವುದು ಗುಡ್ಡದ ಮೇಲಿನ ನಂದಿ ಮರದ ಹತ್ತಿರ, ಅದೂ ಪೂರ್ವಕ್ಕೆ ಮುಖ ಮಾಡಿ ನಿಂತರೆ. ಓಟಿಪಿ ಬರುವುದು ಗುಡ್ಡಕ್ಕೆ, ಅದನ್ನು ಒತ್ತಬೇಕಾದ ಕಂಪ್ಯೂಟರು ಮನೆಯಲ್ಲಿ. ಇಳಿದು ಬರುವಷ್ಟರಲ್ಲಿ ಅವಧಿ ಮುಗಿದಿರುತ್ತೆ. ಹಾಗಾಗಿ ಒಬ್ಬರು ಮೇಲೆ ನಿಂತು ಅಂಕಿ ಕೂಗುವುದು, ಇನ್ನೊಬ್ಬರು ಕೆಳಗೆ ಬರೆದುಕೊಳ್ಳುವುದು. ಬ್ಯಾಂಕಿನವರು ಯಾರಿಗೂ ಹೇಳಬೇಡಿ ಅನ್ನುವ ಗುಟ್ಟನ್ನು ನಾವು ಕಣಿವೆಗೇ ಕೇಳುವಂತೆ ಕೂಗುತ್ತೇವೆ.

ಈ ಸಿಗ್ನಲ್ ವಿಷಯ ಬಂದಾಗೆಲ್ಲ ನನ್ನ ಮೈದುನನ ಮುಖ ಇಳಿಯುತ್ತೆ. ಕೊರೋನಾ ಕಾಲದಲ್ಲಿ ಕೆಲಸ ಬಿಟ್ಟು ಬಂದು ತೋಟ ನೋಡಿಕೊಳ್ಳುತ್ತಿದ್ದಾನೆ. ಒಳ್ಳೆ ಹುಡುಗ. ಹೆಣ್ಣು ಮಾತ್ರ ಸಿಗುತ್ತಿಲ್ಲ. ಮೊದಲೆಲ್ಲ ಹೆಣ್ಣಿನ ಕಡೆಯವರು "ಸೇತುವೆ ಆಗಲಿ, ನೋಡೋಣ" ಅನ್ನುತ್ತಿದ್ದರು. ಆಯ್ತು. "ನೆಟ್‌ವರ್ಕ್ ಬರಲಿ, ನೋಡೋಣ" ಅಂತ ಈಗ. ನೆಪ ಹೋಗಿದ್ದು ನಮಗೆ ಮಾತ್ರ, ಅವರ ಹತ್ತಿರ ಸ್ಟಾಕ್ ಇದೆ.

ಕೊನೆಗೂ ಒಂದು ಕಡೆಯವರು ನೋಡೋಕೆ ಬರುತ್ತೇವೆ ಅಂದರು. ಹನ್ನೊಂದಕ್ಕೆ. ಲಾಂಚ್ ಇದ್ದಾಗ ನೆಂಟರು ಎಷ್ಟು ಹೊತ್ತಿಗೆ ಅಂಗಳಕ್ಕೆ ಬರುತ್ತಾರೆ ಅಂತ ನಿಮಿಷದ ಲೆಕ್ಕ ಹಾಕಬಹುದಿತ್ತು. ಅವತ್ತು ಮಳೆ ಬಿಟ್ಟು ಹೊಳವಾಗಿತ್ತು. ತೋಟದಲ್ಲಿ ಕೊಳೆರೋಗ ಶುರುವಾಗಿದ್ದರಿಂದ ಮೈದುನ ಎರಡು ಗಂಟೆ ಔಷಧಿ ಹೊಡೆದು, ಮಿಂದು ಬರುತ್ತೇನೆ ಅಂತ ಹೋದ. ಅವರು ಒಂಬತ್ತೂವರೆಗೇ ಬಂದರು. ರಸ್ತೆ ಚೆನ್ನಾಗಿತ್ತಂತೆ.

ತೋಟದಿಂದ ಎದ್ದು ಬಂದವನ ಅವತಾರ ನೋಡಬೇಕಿತ್ತು. ತಲೆಗೆ ಅಡಿಕೆ ಹಾಳೆಟೋಪಿ, ಮೈಗೆ ಅಣ್ಣನ ಹರಿದ ಶರ್ಟು, ಹುಬ್ಬಿನಿಂದ ಹಿಡಿದು ಕಾಲ ಬೆರಳಿನವರೆಗೆ ಮೈಲುತುತ್ತ-ಸುಣ್ಣ ಕಲಸಿದ ಬೋರ್ಡೋ ದ್ರಾವಣದ ತಿಳಿ ನೀಲಿ. ಮೈಸೂರು ಸಂಸ್ಥಾನದ ಕಾಲದಲ್ಲಿ ಕೃಷಿ ಇಲಾಖೆಯ ಕೋಲ್ಮನ್ ಸಾಹೇಬರು ಈ ಕಡೆ ಬಳಕೆಗೆ ತಂದ ಮದ್ದು ಅದು, ಅಡಿಕೆ ಉಳಿಸುತ್ತೆ. ಮದುವೆ ಉಳಿಸುತ್ತೆ ಅಂತ ಎಲ್ಲೂ ಹೇಳಿಲ್ಲ. ಹುಡುಗಿಯ ಅಪ್ಪ ಕಾಫಿ ಲೋಟ ಕೆಳಗಿಟ್ಟರು. ಅತ್ತೆ ಒಳಗೆ ಹೋಗಿ ದೇವರ ಮುಂದೆ ನಿಂತರು.

ಹುಡುಗಿ ಅವನನ್ನೊಮ್ಮೆ ಮೇಲಿಂದ ಕೆಳಗೆ ನೋಡಿ ಕೇಳಿದಳು. "ಕತ್ತಿ ಅದ್ದಿ ನೋಡಿದ್ರಾ?"

ದ್ರಾವಣದಲ್ಲಿ ಕತ್ತಿ ಅದ್ದಿದಾಗ ಅಲಗಿಗೆ ಕೆಂಪು ಬಣ್ಣ ಹತ್ತಿದರೆ ಸುಣ್ಣ ಸಾಲದು ಅಂತ ಅರ್ಥ. ಮೈದುನ "ಇಲ್ಲ" ಅಂದ. "ಮತ್ತೆ ಹೇಗೆ ಹೊಡೆದ್ರಿ? ಹಿಂಗಾರ ಸುಟ್ಟುಹೋಗುತ್ತೆ ಅಲ್ವಾ?" ಅಂತ ಬೈದಳು. ಹೌದು, ಬೈದಳು. ನಮ್ಮ ಮನೆಯಲ್ಲಿ ಅವನಿಗೆ ಅಷ್ಟು ಹಕ್ಕಿನಿಂದ ಬೈದವರು ಅತ್ತೆ ಬಿಟ್ಟರೆ ಇವಳೇ.

ಹೊರಡುವಾಗ ಅವಳಪ್ಪ "ತಿಳಿಸುತ್ತೇವೆ" ಅಂದರು. ಆಮೇಲೆ ಸುದ್ದಿಯಿಲ್ಲ. ಮೆಸೇಜು ಬಂದರೂ ಗುಡ್ಡಕ್ಕೇ ಬರಬೇಕು. ಮೈದುನ ದಿನಕ್ಕೆ ಮೂರು ಸಲ ಕೊಡೆ ಹಿಡಿದು ಹತ್ತುತ್ತಾನೆ, ಕಾಲು ತುಂಬಾ ಉಂಬಳ ಹೊತ್ತು ಇಳಿಯುತ್ತಾನೆ. ತೋಟಕ್ಕೆ ಔಷಧಿ ಹೊಡೆಯುವುದು ಅರ್ಧಕ್ಕೇ ನಿಂತಿದೆ. ನಿನ್ನೆ ನಮ್ಮವರು ಕೇಳಿದ್ದಕ್ಕೆ, "ಸುಣ್ಣ ಸರಿಯಿಲ್ಲ ಅಣ್ಣ, ಅವಳನ್ನು ಕೇಳಿಯೇ ಹೊಡೆಯೋದು" ಅಂದನಂತೆ.