ನಮ್ಮ ಕಾಕಾನ ಫೋನಿಗೆ ಇಂಗ್ಲಿಷ್‌ನಾಗ ಏನಂತಾರ್ರಿ?

ನಿನ್ನೆ ರಾತ್ರಿದು ಇನ್ನೂ ಕಿವ್ಯಾಗ ಗುಂಯ್ ಅಂತೈತಿ, ಅದಕ್ಕ ಸಿಟ್ಟು ಆರೋದ್ರೊಳಗ ಬರದುಬಿಡ್ತೀನಿ.

ಮಗಳದು ಇಂಗ್ಲಿಷ್ ಹೋಂವರ್ಕ್ ಇತ್ತು, ಬಿಟ್ಟ ಸ್ಥಳ ತುಂಬೋದು. ಶೌಟ್, ಯೆಲ್, ಸ್ಕ್ರೀಮ್, ಶ್ರೀಕ್, ಬೆಲೋ, ಕಾಲ್ ಔಟ್ ಅಂತ ಮ್ಯಾಲೆ ಸಾಲಾಗಿ ಕೊಟ್ಟಿದ್ರು. "ಪಪ್ಪಾ, ಎಲ್ಲಾ ಒದರೋದೇ ಅಲ್ಲೇನು?" ಅಂದ್ಲು. ಅಲ್ಲವಾ, ಅಂಜಿಕಿಗೋ ನೋವಿಗೋ ಚೀರಿದ್ರ ಸ್ಕ್ರೀಮ್, ಮೈಮ್ಯಾಲೆ ಹಲ್ಲಿ ಬಿದ್ದಾಗ ನಿಮ್ಮವ್ವ ಕಿಟಾರ್ ಅಂತಾಳಲ್ಲ ಅದು ಶ್ರೀಕ್, ಹೋರಿ ಎದಿತುಂಬ ಒದರೋದು ಬೆಲೋ, ದೂರ ಹೊಂಟೋರ್ನ ಕೂಗಿ ಕರದ್ರ ಕಾಲ್ ಔಟ್ ಅಂತ ತಿಳಿಸಿ ಹೇಳಾಕ ಹತ್ತಿದ್ದೆ. ಶೌಟ್‌ನಾಗ ಮತ್ತೊಂದು ತೊಡಕೈತಿ, ಮುಂದ 'ಅಟ್' ಬಂದ್ರ ಬೈದಂಗ, 'ಟು' ಬಂದ್ರ ದೂರ ಇದ್ದೋರಿಗೆ ಕೇಳಲಿ ಅಂತ ಕೂಗಿದಂಗ. ಇದನ್ನ ಹೇಳೋದ್ರೊಳಗ ಪಡಸಾಲ್ಯಾಗಿಂದ ಬಂತು ನೋಡ್ರಿ: "ಹಲೋಽಽಽ! ಯಾರು ಮಾತಾಡದೂಽಽ!"

ಮಗಳ ಕೈಯಾಗಿನ ಪೆನ್ಸಿಲ್ ಕೆಳಗ ಬಿತ್ತು.

ಕಾಕಾ ಮಾನ್ವಿ ಕಡಿಂದ ಕಣ್ಣಿನ ಪೊರಿ ಆಪರೇಷನ್‌ಗೆ ಅಂತ ರಾಯಚೂರಿಗೆ ಬಂದು ನಮ್ಮನ್ಯಾಗ ಇದ್ದಾನ. ಡಾಕ್ಟ್ರು ಕಣ್ಣಿಗೆ ರೆಸ್ಟ್ ಕೊಡ್ರಿ ಅಂದಾರ, ಬಾಯಿ ಬಗ್ಗೆ ಏನೂ ಹೇಳಿಲ್ಲ. ಫೋನ್ ಅಂವ ಕಿವಿಗೆ ಹಿಡಿಯಂಗಿಲ್ಲ, ಮಿರ್ಚಿ ಕಚ್ಚೋರಂಗ ಬಾಯಿಮುಂದ ಅಡ್ಡ ಹಿಡಿತಾನ, ಸ್ಪೀಕರ್ ಆನ್, ಆ ಕಡಿ ಇರೋರೂ ನಮ್ಮ ವಂಶದೋರೇ, ಹಿಂಗಾಗಿ ಎರಡೂ ಕಡಿಂದ ಸಮಾ ಬರ್ತೈತಿ. ಯಾರರೆ ಸತ್ರೂ ಅದೇ ದನಿ, "ಊಟ ಆತೇನು" ಅಂದ್ರೂ ಅದೇ ದನಿ. ಊರು ದೂರ ಆದಷ್ಟೂ ದನಿ ಏರ್ತೈತಿ. ಸಿಂಧನೂರಿಗೆ ಕುಂತು ಮಾತಾಡ್ತಾನ, ಬೆಂಗಳೂರಿಗೆ ಎದ್ದು ನಿಂತು, ದುಬೈದಾಗಿರೋ ಅಳಿಯಗ ಬಾಲ್ಕನಿಗೆ ಹೋಗಿ. 2024ರ ಆಗಸ್ಟ್‌ನಾಗ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ಅವನ ಓಣ್ಯಾಗ ಯಾರೂ ಟೀವಿ ಹಚ್ಚಿರಲಿಲ್ಲಂತ, ಹಚ್ಚೋ ದರಕಾರ ಏನಿತ್ತು.

ಸರ್ಕಾರದ ಶಬ್ದಮಾಲಿನ್ಯ ನಿಯಮದಾಗ ಮನಿಗೋಳಿರೋ ಕಡಿ ರಾತ್ರಿ 10ರಿಂದ ಮುಂಜಾನಿ 6ರ ತನಕ 45 ಡೆಸಿಬಲ್ ಅಂತ ಮಿತಿ ಐತಿ. ಕಾಕಾ ಆಕಳಿಸಿದ್ರನ ಅಷ್ಟು ಖರ್ಚಾಗಿ ಹೋಗ್ತೈತಿ.

"ಕಾಕಾ, ಸ್ವಲ್ಪ ಸಣ್ಣಗ ಮಾತಾಡು" ಅಂದೆ. "ಸಣ್ಣಗನ ಮಾತಾಡಾಕತ್ತೀನಲ್ಲೋ!" ಅಂದ, ಎದುರಿನ ಮನಿ ನಾಯಿ ಎದ್ದು ಬೊಗಳ್ತು.

ಬೈಯಾಕನೂ ಮನಸ್ಸು ಬರಂಗಿಲ್ರಿ. ಅವನ ಹೊಲ ತುಂಗಭದ್ರಾ ಎಡದಂಡಿ ಕಾಲುವಿ ಕಡೇ ಭಾಗದಾಗೈತಿ, ಮ್ಯಾಲಿನೋರು ಬಿಟ್ಟು ಉಳದದ್ದು ಇವ್ರಿಗೆ, ಅದೂ ಬರೋದು ಸರ್ವೊತ್ನ್ಯಾಗ. ಅಂವ ತೂಬಿನ ಹತ್ರ, ನಮ್ಮಪ್ಪ ಆ ತುದಿ ಬದುವಿನಮ್ಯಾಲೆ. "ನೀರು ಬಂತೇನೋಽಽ" ಅಂತ ಇಂವ ಒದರಬೇಕು, "ಓಽಽ" ಅಂತ ಅಪ್ಪ ಅನ್ನಬೇಕು. ಓ ಬರೋದು ತಡ ಆದ್ರ ಹಾವೇನರೆ ಮುಟ್ಟಿತೇನೋ ಅಂತ ಕತ್ತಲಾಗ ಬರಿಗಾಲಲ್ಲಿ ಓಡಿಬರ್ತಿದ್ನಂತ. ಅಪ್ಪ ಇದ್ದಾಗ ಹೇಳ್ತಿದ್ದ. ಈಗ ಓ ಅನ್ನೋರು ಇಲ್ಲ, ದನಿ ಮಾತ್ರ ಹಂಗ ಉಳಕೊಂಡೈತಿ.

ಅಂದ್ರೂ ರಾತ್ರಿ ಹನ್ನೊಂದಕ್ಕ ಮಗನ ಮದಿವಿ ಮಾತುಕತಿ ಬ್ಯಾಡಾಗಿತ್ತು. ದೇವದುರ್ಗದ ಕಡಿ ಹುಡುಗಿ, ಎಷ್ಟು ಎಕರೆ, ಹುಡುಗ ಎಷ್ಟು ಸಲ ಎಸ್ಸೆಸ್ಸೆಲ್ಸಿ ಫೇಲು, ಎಲ್ಲಾ ವಿವರ ಓಣಿಗೆ ಹೋತು. ಆಮ್ಯಾಲೆ ಬಾಗಿಲು ಬಡದ ಸಪ್ಪಳ. ಕೆಳಗಿನ ಮನಿ ರಿಟೈರ್ಡ್ ಮಾಸ್ತರ್ರು. ಜಗಳಕ್ಕ ಬಂದ್ರು ಅಂತ ನಾನು ಕೈಮುಗದು "ಸರ್, ದೊಡ್ಡೋರು, ಏನೂ ತಿಳ್ಕೊಬ್ಯಾಡ್ರಿ" ಅಂತಿದ್ರ ಅವ್ರು ನನ್ನ ಸರಿಸಿ ಸೀದಾ ಒಳಗ ಹೋಗಿ ಕಾಕಾನ ಬಾಜೂಕ ಕುಂತ್ರು.

"ಹುಡುಗಿ ಮನಿ ಹೆಸರು ಮಾತ್ರ ಸರಿಯಾಗಿ ಕೇಳಲಿಲ್ರಿ, ಫ್ಯಾನ್ ಸಪ್ಪಳ. ಇನ್ನೊಮ್ಮೆ ಹೇಳ್ರಿ, ದೇವದುರ್ಗದಾಗ ನಂಗ ಗೊತ್ತಿರೋರದಾರ, ವಿಚಾರಸೋಣಂತ."

ಕಾಕಾ ಖುಷಿಯಾಗಿ ಫೋನ್ ತಗದು ಅವ್ರ ಕೈಯಾಗ ಕೊಟ್ಟ. ಅವ್ರೂ ಅಡ್ಡನ ಹಿಡದ್ರು.